ದೂರದ ದ್ವೀಪದಲ್ಲಿ ಡೈವಿಂಗ್ ರಜೆ: ಮೊದಲ ಸಲ ಹೋಗುವವರಿಗೆ ಏನು ಹೇಳ್ತೀರಿ?

ನೀರಹಾದಿ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಡೈವಿಂಗ್‌ಗೆ ಅಂತಲೇ ಮಾಲ್ಡೀವ್ಸ್‌ಗೆ ಹೋಗುವ ಯೋಚನೆಯಲ್ಲಿದ್ದೇವೆ. ಮಾಲೆ ಹತ್ತಿರದ ದ್ವೀಪ ಬೇಡ, ಸೀಪ್ಲೇನ್‌ನಲ್ಲಿ ಹೋಗುವಂಥ ದೂರದ ಅಟಾಲ್ (ಉಂಗುರದಂಥ ಹವಳದ ದಂಡೆ, ಅದರ ದ್ವೀಪಗಳು) ಆಗಲಿ ಅಂತ ಇಬ್ಬರಿಗೂ ಆಸೆ. ನನ್ನ ಹತ್ತಿರ ಓಪನ್ ವಾಟರ್ ಕಾರ್ಡ್, ಅಂದರೆ ಡೈವಿಂಗ್‌ನ ಮೊದಲ ಹಂತದ ಪ್ರಮಾಣಪತ್ರ ಇದೆ. ಆದರೆ ಕೋರ್ಸ್ ಮುಗಿದ ಮೇಲೆ ನೀರಿಗೆ ಇಳಿದೇ ಇಲ್ಲ, ವರ್ಷಗಳಾದವು. ಅವಳಿಗೆ ಚೆನ್ನಾಗಿ ಈಜು ಬರುತ್ತದೆ, ಡೈವಿಂಗ್ ಗೊತ್ತಿಲ್ಲ. ಇಬ್ಬರಿಗೂ ಮಾಂಟಾ ರೇ (ರೆಕ್ಕೆಯಂಥ ಈಜುರೆಕ್ಕೆಗಳ ದೊಡ್ಡ ಚಪ್ಪಟೆ ಮೀನು) ನೋಡಲೇಬೇಕು. ಯಾವ ತಿಂಗಳು ಒಳ್ಳೆಯದು? ರೆಸಾರ್ಟ್ ಆರಿಸುವಾಗ ಏನು ಕೇಳಬೇಕು? ಅವರ ವೆಬ್‌ಸೈಟ್‌ಗಳಲ್ಲಿ ಬರೀ ಕೋಣೆಯ ಫೋಟೋಗಳೇ ಇವೆ, ನೀರಿನ ಕೆಳಗಿನ ವಿಷಯ ಒಂದು ಸಾಲು ಕೂಡ ಇಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಹವಳದಂಡೆ

ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಜನ ಕೋಣೆ ನೋಡಿ ಬುಕ್ ಮಾಡುತ್ತಾರೆ, ಆಮೇಲೆ ಸಮುದ್ರ ನೋಡಿ ಪೇಚಾಡುತ್ತಾರೆ.

ಮೊದಲು ತಿಂಗಳು. ಮಾಲ್ಡೀವ್ಸ್‌ನಲ್ಲಿ ಎರಡು ಮಾನ್ಸೂನ್. ಸುಮಾರು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಈಶಾನ್ಯದ್ದು. ಆಕಾಶ ಶುಭ್ರ, ನೀರೂ ತಿಳಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೈಋತ್ಯದ್ದು. ಮಳೆ, ಗಾಳಿ ಜಾಸ್ತಿ. ನೀರಲ್ಲಿ ಪ್ಲಾಂಕ್ಟನ್, ಅಂದರೆ ತೇಲುವ ಸಣ್ಣ ಸಣ್ಣ ಜೀವಿಗಳು, ತುಂಬಿರುತ್ತದೆ, ಅಷ್ಟು ದೂರ ಕಾಣುವುದಿಲ್ಲ. ಆದರೆ ಮಾಂಟಾ ತಿನ್ನುವುದೇ ಆ ಪ್ಲಾಂಕ್ಟನ್ ಅಲ್ವಾ? ಅದಕ್ಕೇ ಮಾಂಟಾ ಬೇಕು ಅನ್ನುವವರು ತಿಳಿನೀರನ್ನೇ ಹುಡುಕಬಾರದು.

ಇನ್ನೊಂದು ವಿಷಯವನ್ನು ರೆಸಾರ್ಟ್‌ನವರು ತಾವಾಗಿ ಹೇಳುವುದಿಲ್ಲ. ಈಶಾನ್ಯ ಮಾನ್ಸೂನ್‌ನಲ್ಲಿ ನೀರು ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ಆಗ ಪ್ಲಾಂಕ್ಟನ್ ಅಟಾಲ್‌ನ ಪಶ್ಚಿಮದ ಅಂಚಿಗೆ ಸೇರುತ್ತದೆ, ಮಾಂಟಾಗಳೂ ಅಲ್ಲಿಗೇ ಹೋಗುತ್ತವೆ. ನೈಋತ್ಯ ಮಾನ್ಸೂನ್‌ನಲ್ಲಿ ಇದು ತಿರುಗಿ, ಅವು ಪೂರ್ವದ ಅಂಚಿಗೆ ಬರುತ್ತವೆ. ಅಂದರೆ ಒಂದೇ ಅಟಾಲ್‌ನಲ್ಲಿ ಈ ಕಡೆಯ ರೆಸಾರ್ಟ್‌ಗೂ ಆ ಕಡೆಯ ರೆಸಾರ್ಟ್‌ಗೂ ಸೀಸನ್ ಬೇರೆ. ಬುಕ್ ಮಾಡುವ ಮೊದಲು ನಕ್ಷೆ ತೆಗೆದು ನೋಡಿ.

ಬಾ ಅಟಾಲ್‌ನ ಹನಿಫಾರು ಕೊಲ್ಲಿ ನಿಮ್ಮಿಬ್ಬರಿಗೂ ಹೇಳಿ ಮಾಡಿಸಿದ ಜಾಗ. ಬಾ ಅಟಾಲ್ 2011ರಿಂದ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶ. ನೈಋತ್ಯ ಮಾನ್ಸೂನ್‌ನಲ್ಲಿ ಉಬ್ಬರದ ನೀರಿನ ಜೊತೆ ಪ್ಲಾಂಕ್ಟನ್ ಈ ಚಿಕ್ಕ ಕೊಲ್ಲಿಯೊಳಗೆ ಬಂದು ಸಿಕ್ಕಿಕೊಳ್ಳುತ್ತದೆ. ಹಿಂದೆಯೇ ಮಾಂಟಾಗಳು ಹಿಂಡು ಹಿಂಡಾಗಿ ಬರುತ್ತವೆ. ಅಲ್ಲಿ ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾಗೆ ಅವಕಾಶವೇ ಇಲ್ಲ, ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವ ಸ್ನಾರ್ಕೆಲಿಂಗ್ ಮಾತ್ರ. ಹಾಗಾಗಿ ನಿಮ್ಮ ಮನೆಯವರು ಡೈವಿಂಗ್ ಕಲಿಯದಿದ್ದರೂ ನೀವು ನೋಡುವುದನ್ನೇ ಅವರೂ ನೋಡುತ್ತಾರೆ.

ರೆಸಾರ್ಟ್‌ಗೆ ಬರೆಯುವಾಗ ಮೊದಲು ಹೌಸ್ ರೀಫ್ ಬಗ್ಗೆ ಕೇಳಿ. ದಡದಿಂದ ಈಜಿಕೊಂಡು ಹೋದರೆ ಸಿಗುವ ಹವಳದ ದಂಡೆ ಅದು. ಅದು ಚೆನ್ನಾಗಿದ್ದರೆ ದೋಣಿಗೆ ಕಾಯದೆ ಬೆಳಿಗ್ಗೆ, ಸಂಜೆ, ಬೇಕಾದಾಗ ನೀರಿಗಿಳಿಯಬಹುದು. ಕೆಲವು ದ್ವೀಪಗಳ ಸುತ್ತ ಬರೀ ಮರಳಿನ ಲಗೂನ್ ಇರುತ್ತದೆ. ಫೋಟೋದಲ್ಲಿ ಬಣ್ಣ ಚೆಂದ, ಒಳಗೆ ನೋಡಲು ಏನೂ ಇರುವುದಿಲ್ಲ.

ಆಮೇಲೆ ಕೇಳಬೇಕಾದ್ದು: ಒಬ್ಬ ಗೈಡ್ ಜೊತೆ ಎಷ್ಟು ಜನ ಇಳಿಯುತ್ತಾರೆ, ಪ್ರತಿ ದೋಣಿಯಲ್ಲೂ ಆಮ್ಲಜನಕದ ಕಿಟ್ ಇದೆಯಾ, ಹತ್ತಿರದ ರೀಕಂಪ್ರೆಶನ್ ಚೇಂಬರ್ (ಡೈವಿಂಗ್‌ನಿಂದ ಮೈಯಲ್ಲಿ ಗುಳ್ಳೆಗಟ್ಟಿದವರಿಗೆ ಒತ್ತಡದಲ್ಲಿ ಚಿಕಿತ್ಸೆ ಕೊಡುವ ಕೋಣೆ) ಎಲ್ಲಿದೆ, ರಾತ್ರಿ ಹೊತ್ತು ಅಲ್ಲಿಗೆ ಹೇಗೆ ಕರೆದುಕೊಂಡು ಹೋಗುತ್ತಾರೆ. ಕೊನೆಯ ಪ್ರಶ್ನೆ ಬಹಳ ಮುಖ್ಯ. ಸೀಪ್ಲೇನ್ ಹಾರುವುದು ಹಗಲಲ್ಲಿ ಮಾತ್ರ. ಕತ್ತಲಾದ ಮೇಲೆ ನಿಮಗೂ ಆಸ್ಪತ್ರೆಗೂ ನಡುವೆ ಇರುವುದು ಸಮುದ್ರ ಮತ್ತು ಒಂದು ಸ್ಪೀಡ್‌ಬೋಟ್. ಇದನ್ನು ಹೆದರಿಸಲು ಹೇಳುತ್ತಿಲ್ಲ. ದೂರದ ದ್ವೀಪದಲ್ಲಿ ಪ್ರತಿ ಡೈವ್ ಹೇಗಿರಬೇಕು ಅನ್ನುವುದನ್ನು ಈ ದೂರವೇ ತೀರ್ಮಾನಿಸಬೇಕು, ಅಷ್ಟೇ.

ಪಡುವಣಗಾಳಿ

ಸೀಪ್ಲೇನ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಿಮ್ಮ ವಿಮಾನ ಮಧ್ಯಾಹ್ನದ ಹೊತ್ತಿಗೆಲ್ಲ ಮಾಲೆ ತಲುಪುವಂತೆ ನೋಡಿಕೊಳ್ಳಿ. ಸಂಜೆ ತಲುಪಿದರೆ ಅವತ್ತು ಸೀಪ್ಲೇನ್ ಸಿಗುವುದಿಲ್ಲ, ಒಂದು ರಾತ್ರಿ ಅಲ್ಲೇ ಕಳೆಯಬೇಕು. ಸಾಮಾನಿಗೂ ಮಿತಿ ಇದೆ. ಸಾಮಾನ್ಯವಾಗಿ ಚೆಕ್-ಇನ್ 20 ಕೆಜಿ, ಕೈಚೀಲ 5 ಕೆಜಿ. ಸ್ವಂತ ಡೈವಿಂಗ್ ಸಾಮಾನು ಎಲ್ಲಾ ಹೊತ್ತುಕೊಂಡು ಹೋಗುವವರಿಗೆ ಇದು ತಲೆನೋವು. ಬಟ್ಟೆ ಕಡಿಮೆ ಮಾಡಿ, ಅಲ್ಲಿ ಅಷ್ಟು ಬಟ್ಟೆ ಬೇಕಾಗುವುದೂ ಇಲ್ಲ.

ಆಳಜೀವಿ

ಓಪನ್ ವಾಟರ್ ಕಾರ್ಡ್‌ಗೆ 18 ಮೀಟರ್ ಮಿತಿ. ಅಷ್ಟು ದೂರ ಹೋಗಿ 18 ಮೀಟರ್‌ಗೇ ನಿಲ್ಲುವುದು ನ್ಯಾಯವಾ? ನನ್ನ ಸಲಹೆ: ಹೋಗುವ ಮೊದಲೇ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿ. 30 ಮೀಟರ್‌ವರೆಗೆ ಹೋಗಬಹುದು, ಮಾಲ್ಡೀವ್ಸ್‌ನ ಕಾನೂನಿನ ಮಿತಿಯೂ ಅಷ್ಟೇ. ಅಟಾಲ್‌ನ ಬಾಯಿಗಳಲ್ಲಿ ಶಾರ್ಕ್‌ಗಳು ಸಾಲಾಗಿ ನಿಲ್ಲುವುದು ಆ ಆಳದಲ್ಲೇ. ಅದನ್ನು ಬಿಟ್ಟು ಬಂದರೆ ಆಮೇಲೆ ಕೊರಗುತ್ತೀರಿ.

ಹವಳದಂಡೆ

ಆಳಜೀವಿ ಅವರೇ, ಶಾರ್ಕ್ ವಿಷಯದಲ್ಲಿ ನಿಮ್ಮ ಮಾತು ಸರಿ. ಅಡ್ವಾನ್ಸ್ಡ್ ಕೋರ್ಸ್ ಕೂಡ ಒಳ್ಳೆಯದೇ. ಆದರೆ ವರ್ಷಗಟ್ಟಲೆ ನೀರಿಗಿಳಿಯದವರಿಗೆ ಮೊದಲ ರಜೆಯಲ್ಲೇ 30 ಮೀಟರ್ ತೋರಿಸುವುದನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿಯೇ ಹೇಳುತ್ತೇನೆ.

ಪ್ರತಿ 10 ಮೀಟರ್‌ಗೆ ಒತ್ತಡ ಸುಮಾರು ಒಂದು ಬಾರ್ ಏರುತ್ತದೆ. ಮೇಲೆ 1 ಬಾರ್, 10 ಮೀಟರ್‌ನಲ್ಲಿ 2, 30 ಮೀಟರ್‌ನಲ್ಲಿ 4. ಉಸಿರಿನ ಗಾಳಿಯೂ ಅದೇ ಲೆಕ್ಕದಲ್ಲಿ ಖರ್ಚಾಗುತ್ತದೆ. 12 ಲೀಟರಿನ ಸಿಲಿಂಡರ್‌ನಲ್ಲಿ 200 ಬಾರ್ ಅಂದರೆ ಸುಮಾರು 2400 ಲೀಟರ್ ಗಾಳಿ. ಮೇಲೆ ಬರಲು 50 ಬಾರ್ ಉಳಿಸಿಕೊಂಡರೆ ಖರ್ಚಿಗೆ ಸಿಗುವುದು 1800 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಬೇಕಾಗುವವರಿಗೆ ಅದು 10 ಮೀಟರ್‌ನಲ್ಲಿ 45 ನಿಮಿಷ ಬರುತ್ತದೆ. 30 ಮೀಟರ್‌ನಲ್ಲಿ 22 ನಿಮಿಷ. ಗಾಬರಿಯಾಗಿ ಜೋರಾಗಿ ಉಸಿರಾಡಿದರೆ ಅದೂ ಇಲ್ಲ.

ಗಾಳಿ ಇದ್ದರೂ ಸಮಯ ಇರುವುದಿಲ್ಲ. ಒತ್ತಡದಲ್ಲಿ ಸಾರಜನಕ ಮೈಯೊಳಗೆ ಕರಗುತ್ತಾ ಹೋಗುತ್ತದೆ, ಅತಿಯಾದರೆ ಮೇಲೆ ಬರುವಾಗ ಗುಳ್ಳೆಗಟ್ಟಬಹುದು. ಹಾಗಾಗಿ ಪ್ರತಿ ಆಳಕ್ಕೂ ಸಮಯದ ಮಿತಿ ಇದೆ. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ಕೋಷ್ಟಕದಲ್ಲಿ ದಿನದ ಮೊದಲ ಡೈವ್‌ಗೆ 18 ಮೀಟರ್‌ನಲ್ಲಿ 56 ನಿಮಿಷ ಕೊಟ್ಟಿದ್ದಾರೆ. 30 ಮೀಟರ್‌ನಲ್ಲಿ 20 ನಿಮಿಷ ಮಾತ್ರ. ಜೊತೆಗೆ ಆ ಆಳದಲ್ಲಿ ಸಾರಜನಕದ ಮಂಪರು ಶುರುವಾಗುತ್ತದೆ. ತಲೆ ಓಡುವುದು ನಿಧಾನ, ಗೇಜ್ ನೋಡುವುದು ಮರೆತುಹೋಗುತ್ತದೆ.

ಇಷ್ಟೆಲ್ಲಾ ಕೊಟ್ಟು ಕೆಳಗೆ ಹೋದರೆ ಸಿಗುವುದೇನು? ಹವಳಕ್ಕೆ ಬಿಸಿಲು ಬೇಕು. ಅದರೊಳಗೆ ಪಾಚಿ ಇದೆ, ಆ ಪಾಚಿ ಬಿಸಿಲಲ್ಲಿ ಮಾಡುವ ಆಹಾರದ ಮೇಲೆಯೇ ಹವಳದ ಬದುಕು. ಆದ್ದರಿಂದ ದಂಡೆಯ ಅತಿ ಸಮೃದ್ಧ ಭಾಗ ಇರುವುದು ಮೇಲಿನ ನೀರಿನಲ್ಲೇ. ಬಣ್ಣವೂ ಹಾಗೇ. ಕೆಂಪು ಮೊದಲ ಕೆಲವು ಮೀಟರ್‌ಗಳಲ್ಲೇ ಮಾಯ, ಆಮೇಲೆ ಕಿತ್ತಳೆ, ಹಳದಿ. 30 ಮೀಟರ್‌ನಲ್ಲಿ ಟಾರ್ಚ್ ಇಲ್ಲದೆ ನೋಡಿದರೆ ಎಲ್ಲಾ ನೀಲಿ ಬೂದು. ಎಂಟು ಹತ್ತು ಮೀಟರ್‌ನಲ್ಲಿ ಒಂದೇ ಬಂಡೆಯ ಮುಂದೆ ಸುಮ್ನೆ ತೇಲುತ್ತಾ ಇರಿ. ಕ್ಲೀನರ್ ರಾಸ್ ಮೀನು ದೊಡ್ಡ ಮೀನಿನ ಬಾಯೊಳಗೆ ಹೋಗಿ ಹಲ್ಲು ಸ್ವಚ್ಛ ಮಾಡಿ ಹೊರಗೆ ಬರುವುದನ್ನು ನೋಡಿ. ಆಕ್ಟೋಪಸ್ ಕಣ್ಣೆದುರೇ ಬಣ್ಣ ಬದಲಿಸುವುದನ್ನು ನೋಡಿ. ಇದನ್ನೆಲ್ಲ ನೋಡಲು ಸಮಯ ಬೇಕು, ಆ ಸಮಯ ಸಿಗುವುದು ಮೇಲಿನ ನೀರಿನಲ್ಲಿ.

ಆಳಜೀವಿ

ಲೆಕ್ಕ ಒಪ್ಪಿದೆ. ಅನುಭವ ಇರುವವರಿಗೆ ಅಂತ ನನ್ನ ಮಾತನ್ನು ತಿದ್ದಿಕೊಳ್ಳಿ. ನೈಟ್ರಾಕ್ಸ್ ಸಿಕ್ಕರೆ ತೆಗೆದುಕೊಳ್ಳಿ ಅಂತ ಮಾತ್ರ ಸೇರಿಸುತ್ತೇನೆ. ಆಮ್ಲಜನಕ 32 ಪ್ರತಿಶತ ಇರುವ ಮಿಶ್ರಣದಲ್ಲಿ ಸಾರಜನಕ ಕಡಿಮೆ, ದಿನಕ್ಕೆ ಎರಡು ಮೂರು ಡೈವ್ ಮಾಡುವವರಿಗೆ ಅನುಕೂಲ. ಅದಕ್ಕೆ ಬೇರೆ ಚಿಕ್ಕ ಕೋರ್ಸ್ ಬೇಕು. ಆಳದ ಮಿತಿಯೂ ಬೇರೆ, ಅದನ್ನು ದಾಟಿದರೆ ಆಮ್ಲಜನಕವೇ ವಿಷ.

ನೀರಹಾದಿ

ಇಬ್ಬರಿಗೂ ಧನ್ಯವಾದ. ಹವಳದಂಡೆ ಮೇಡಂ, ಮರೆತದ್ದನ್ನು ಮತ್ತೆ ಅಭ್ಯಾಸ ಮಾಡಿಸುವ ರಿಫ್ರೆಶರ್ ತರಬೇತಿ ಎಲ್ಲಿ ಮಾಡಲಿ? ಅಲ್ಲಿ ಹೋಗಿ ಮಾಡಿದರೆ ಸಾಕಾ? ಇನ್ನೊಂದು, ಅಲ್ಲಿ ಸೆಳೆತ ಜೋರು ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಜೋರು?

ತೆಪ್ಪ

ಸೆಳೆತದ ಬಗ್ಗೆ ನಾನು ಹೇಳುತ್ತೇನೆ. ಇಂಥ ಸೆಳೆತದ ನೀರಿನಲ್ಲಿ ಗೈಡ್ ಆಗಿ ಕೆಲಸ ಮಾಡಿದ್ದೇನೆ.

ಅಟಾಲ್ ಅಂದರೆ ಉಂಗುರದ ಆಕಾರದ ಹವಳದ ದಂಡೆ. ಆ ಉಂಗುರದಲ್ಲಿ ಅಲ್ಲಲ್ಲಿ ಬಾಯಿಗಳಿವೆ, ಅವಕ್ಕೆ ಅಲ್ಲಿಯವರು ಕಂಡು ಅನ್ನುತ್ತಾರೆ. ಸಮುದ್ರದ ನೀರೆಲ್ಲ ಒಳಗೆ ಹೊರಗೆ ಹೋಗುವುದು ಈ ಬಾಯಿಗಳಿಂದಲೇ, ಹಾಗಾಗಿ ಅಲ್ಲಿ ಸೆಳೆತ ಜಾಸ್ತಿ. ಅಟಾಲ್‌ನ ಒಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ ನಿಂತಿರುವ ಹವಳದ ದಿಬ್ಬ ತಿಲಾ. ಹೊಳೆ ಮಧ್ಯದ ಬಂಡೆಗೆ ನೀರು ಬಡಿದು ಎರಡು ಪಾಲಾಗುವ ಹಾಗೆ ತಿಲಾದ ಮುಂದೆಯೂ ಸೆಳೆತ ಸೀಳುತ್ತದೆ. ಮೀನು ಸೇರುವುದೂ ಅಲ್ಲಿಯೇ.

ಸೆಳೆತದ ವಿರುದ್ಧ ಈಜಬೇಡಿ. ಯಾರೂ ಗೆಲ್ಲುವುದಿಲ್ಲ, ಗಾಳಿ ಮಾತ್ರ ಖಾಲಿ. ದಂಡೆಗೆ ಹತ್ತಿರ, ತಳಕ್ಕೆ ಹತ್ತಿರ ಇರಿ, ಅಲ್ಲಿ ನೀರಿನ ಓಟ ಕಡಿಮೆ. ಅಲ್ಲಿ ಬಹಳಷ್ಟು ಡೈವ್‌ಗಳು ಡ್ರಿಫ್ಟ್ ಡೈವ್‌ಗಳೇ: ನೀರು ಕರೆದೊಯ್ಯುತ್ತದೆ, ದೋಣಿ ನಿಮ್ಮ ಗುಳ್ಳೆ ನೋಡಿಕೊಂಡು ಹಿಂದೆ ಬರುತ್ತದೆ. ಕೆಳಕ್ಕೆ ಎಳೆಯುವ ಸೆಳೆತ ಸಿಕ್ಕರೆ ಅದರಿಂದ ಅಡ್ಡಕ್ಕೆ ಈಜಿ ಹೊರಗೆ ಬನ್ನಿ, ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರ್ ನೋಡುತ್ತಾ ಇರಿ. ಗುಂಪಿನಿಂದ ತಪ್ಪಿದರೆ ಒಂದು ನಿಮಿಷ ಸುತ್ತ ಹುಡುಕಿ. ಸಿಗದಿದ್ದರೆ ನಿಧಾನ ಮೇಲೆ ಬನ್ನಿ, ನೀರಿನ ಮೇಲೆ ಭೇಟಿ. ಇದನ್ನು ಇಳಿಯುವ ಮೊದಲೇ ಗೈಡ್ ಜೊತೆ ಮಾತಾಡಿಕೊಂಡಿರಬೇಕು.

ಸರ್ಫೇಸ್ ಮಾರ್ಕರ್, ಅಂದರೆ ಗಾಳಿ ತುಂಬಿ ಮೇಲೆ ಬಿಡುವ ಉದ್ದನೆಯ ಬಣ್ಣದ ಟ್ಯೂಬ್, ಪ್ರತಿಯೊಬ್ಬರ ಹತ್ತಿರವೂ ಇರಬೇಕು. ಗೈಡ್ ಹತ್ತಿರ ಇದೆ ಅನ್ನುವುದು ಸಾಲದು. ಅಲೆಗಳ ನಡುವೆ ಒಂದು ತಲೆಯನ್ನು ದೋಣಿಯಿಂದ ಗುರುತಿಸುವುದು ಎಷ್ಟು ಕಷ್ಟ ಅಂತ ದೋಣಿಯಲ್ಲಿ ನಿಂತು ಹುಡುಕಿದವರಿಗೆ ಗೊತ್ತು. ಒಂದು ಸೀಟಿ ಕೂಡ ಇಟ್ಟುಕೊಳ್ಳಿ.

ರಿಫ್ರೆಶರ್ ಹೊರಡುವ ಮೊದಲೇ ಈಜುಕೊಳದಲ್ಲಿ ಮಾಡಿ. ಮಾಸ್ಕ್‌ಗೆ ನೀರು ತುಂಬಿಸಿ ಖಾಲಿ ಮಾಡುವುದು, ಸಿಲಿಂಡರ್‌ನಿಂದ ಉಸಿರಾಡುವ ರೆಗ್ಯುಲೇಟರ್ ಬಾಯಿಂದ ತಪ್ಪಿದರೆ ಹುಡುಕುವುದು, ತೇಲುವ ಹಿಡಿತ, ಇವು ಮೈಗೆ ಬಂದಿರಲಿ. ದ್ವೀಪದಲ್ಲೂ ಮೊದಲ ದಿನ ಹೌಸ್ ರೀಫ್‌ನಲ್ಲಿ ಚೆಕ್ ಡೈವ್, ಅಂದರೆ ನಿಮ್ಮ ಅಭ್ಯಾಸ ಪರೀಕ್ಷಿಸುವ ಡೈವ್ ಇರುತ್ತದೆ. ಅದನ್ನು ಬೇಡ ಅನ್ನಬೇಡಿ. ಅದಿಲ್ಲದೆ ನೇರ ಕಂಡುಗೆ ಕರೆದೊಯ್ಯುತ್ತೇವೆ ಅನ್ನುವ ಡೈವ್ ಸೆಂಟರ್ ಇದ್ದರೆ ಅವರ ಜೊತೆ ಇಳಿಯಬೇಡಿ.

ಮಳೆಬಿಲ್ಲು

ನನಗೆ ಚಿಕ್ಕಂದಿನಲ್ಲಿ ಅಸ್ತಮಾ ಇತ್ತು, ಈಗ ಇಲ್ಲ. ನಾನು ಡೈವಿಂಗ್ ಕಲಿಯಬಹುದಾ? ಡೈವಿಂಗ್‌ಗೆ ಮೊದಲು ತುಂಬಿಸುವ ಆರೋಗ್ಯದ ಫಾರಂನಲ್ಲಿ ಅದನ್ನು ಬರೆಯಲೇಬೇಕಾ?

ಉಸಿರು

ಮಳೆಬಿಲ್ಲು, ಬರೆಯಲೇಬೇಕಮ್ಮ. ನಾನು ವೈದ್ಯೆ, ಡೈವಿಂಗ್ ಕೂಡ ಮಾಡುತ್ತೇನೆ. ಶ್ವಾಸನಾಳ ಬಿಗಿದುಕೊಂಡರೆ ಅದರ ಹಿಂದೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೇಲೆ ಬರುವಾಗ ಒತ್ತಡ ಇಳಿದು ಆ ಗಾಳಿ ಹಿಗ್ಗುತ್ತದೆ, ಶ್ವಾಸಕೋಶ ಹರಿಯಬಹುದು. ಉಸಿರು ಬಿಗಿಹಿಡಿಯಬಾರದು ಅಂತ ಮೊದಲ ಪಾಠದಲ್ಲೇ ಹೇಳಿಕೊಡುವುದೂ ಇದೇ ಕಾರಣಕ್ಕೆ. ಚಿಕ್ಕಂದಿನಲ್ಲಿ ಇತ್ತು ಅಂದ ಮಾತ್ರಕ್ಕೆ ಆಗುವುದೇ ಇಲ್ಲ ಅಂತಲ್ಲ. ಶ್ವಾಸಕೋಶದ ಪರೀಕ್ಷೆ ಮಾಡಿಸಿ. ಡೈವಿಂಗ್ ಗೊತ್ತಿರುವ ವೈದ್ಯರ ಹತ್ತಿರ ಪತ್ರ ತೆಗೆದುಕೊಳ್ಳಿ. ಇದನ್ನು ಊರಲ್ಲೇ ಮುಗಿಸಿ, ದ್ವೀಪಕ್ಕೆ ಹೋದ ಮೇಲೆ ಅಲ್ಲ. ಅಲ್ಲಿ ಫಾರಂನಲ್ಲಿ ಒಂದು "ಹೌದು" ಬಂದರೆ ವೈದ್ಯರ ಪತ್ರ ಇಲ್ಲದೆ ನೀರಿಗೆ ಬಿಡುವುದಿಲ್ಲ. ಬಿಡಲೂಬಾರದು. ಗರ್ಭಿಣಿಯರು ಸ್ಕೂಬಾ ಮಾಡುವಂತಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಎಲ್ಲರಿಗೂ ಒಂದು ಮಾತು, ಕಿವಿಯ ಬಗ್ಗೆ. ರಜೆ ಹಾಳು ಮಾಡುವುದು ಶಾರ್ಕ್ ಅಲ್ಲ, ಕಿವಿ. ಒತ್ತಡ ಅತಿ ಬೇಗ ಬದಲಾಗುವುದು ಮೊದಲ ಕೆಲವು ಮೀಟರ್‌ಗಳಲ್ಲಿ. ನೋವು ಬರುವ ಮೊದಲೇ ಮೂಗು ಹಿಡಿದು ಮೆತ್ತಗೆ ಊದಿ. ಕಾಲು ಕೆಳಗೆ ಮಾಡಿ ಇಳಿಯಿರಿ, ತಲೆ ಕೆಳಗೆ ಮಾಡಿದರೆ ಕಿವಿ ತೆರೆಯುವುದು ಕಷ್ಟ. ತೆರೆಯದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಆಗಲೂ ಆಗದಿದ್ದರೆ ಅವತ್ತಿನ ಡೈವ್ ಅಲ್ಲಿಗೆ ಮುಗಿಯಿತು. ಶೀತ ಇದ್ದಾಗ ಮೂಗಿನ ಔಷಧಿ ಹಾಕಿಕೊಂಡು ಇಳಿಯುವವರಿದ್ದಾರೆ. ನೀರಿನ ಕೆಳಗೆ ಔಷಧಿಯ ಪ್ರಭಾವ ಇಳಿದರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ದಯವಿಟ್ಟು ಬೇಡ.

ಡೈವ್ ಆದ ಮೇಲೆ ಕೀಲು ನೋವು, ಜೋಮು, ಚರ್ಮದ ಮೇಲೆ ಬಲೆಯಂಥ ಕೆಂಪು ನೀಲಿ ಗುರುತು, ಕಾರಣವಿಲ್ಲದ ಸುಸ್ತು ಕಂಡರೆ "ಭಾರ ಎತ್ತಿದ್ದಕ್ಕೆ ಇರಬೇಕು" ಅಂತ ಸುಮ್ಮನಿರಬೇಡಿ. ಸಾರಜನಕ ಗುಳ್ಳೆಗಟ್ಟಿದ ಲಕ್ಷಣ ಇರಬಹುದು, ತಕ್ಷಣ ಡೈವ್ ಸೆಂಟರ್‌ಗೆ ಹೇಳಿ. ಮೊದಲ ಚಿಕಿತ್ಸೆ ಶುದ್ಧ ಆಮ್ಲಜನಕ. ಜನ ಹೇಳಲು ಸಂಕೋಚಪಟ್ಟು ಗಂಟೆಗಟ್ಟಲೆ ಕಳೆಯುತ್ತಾರೆ, ದೂರದ ದ್ವೀಪದಲ್ಲಿ ಆ ಗಂಟೆಗಳು ತುಂಬಾ ದುಬಾರಿ.

ಪಡುವಣಗಾಳಿ

ಇನ್ಶೂರೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಎಷ್ಟೋ ಪ್ರವಾಸ ಪಾಲಿಸಿಗಳಲ್ಲಿ ಸ್ಕೂಬಾ ಸೇರಿರುವುದಿಲ್ಲ. ಸೇರಿದ್ದರೂ ಆಳದ ಮಿತಿ ಇರುತ್ತದೆ. ಸಣ್ಣ ಅಕ್ಷರ ಪೂರ್ತಿ ಓದಿ. ದ್ವೀಪದಿಂದ ಸಾಗಿಸುವ ಖರ್ಚು ಮತ್ತು ಚೇಂಬರ್ ಚಿಕಿತ್ಸೆ ಎರಡೂ ಸೇರಿರಬೇಕು.

ಸಾಮಾನಿನಲ್ಲಿ ಮಾಸ್ಕ್ ಮತ್ತು ಡೈವ್ ಕಂಪ್ಯೂಟರ್ ಮಾತ್ರ ಸ್ವಂತದ್ದು ತೆಗೆದುಕೊಂಡು ಹೋಗಿ. ಮುಖಕ್ಕೆ ಕೂರುವ ಮಾಸ್ಕ್ ಬಾಡಿಗೆಗೆ ಸಿಕ್ಕೇ ಸಿಗುತ್ತದೆ ಅನ್ನುವ ಹಾಗಿಲ್ಲ. ಉಳಿದಿದ್ದು ಅಲ್ಲೇ ಸಿಗುತ್ತದೆ. ಸ್ವಂತ ರೆಗ್ಯುಲೇಟರ್ ಒಯ್ಯುವವರು ಅದು ಸಿಲಿಂಡರ್‌ಗೆ ಕೂರುವುದು ಡಿನ್ ಮಾದರಿಯಲ್ಲೋ ಯೋಕ್ ಮಾದರಿಯಲ್ಲೋ ನೋಡಿಕೊಂಡು ಅಡಾಪ್ಟರ್ ಇಟ್ಟುಕೊಳ್ಳಿ. ಬ್ಯಾಟರಿ, ಓ-ರಿಂಗ್, ಮಾಸ್ಕ್ ಪಟ್ಟಿ ಎಲ್ಲ ಒಂದೊಂದು ಜಾಸ್ತಿ ಇರಲಿ. ಅಲ್ಲಿ ಅಂಗಡಿಗೆ ಓಡಲು ಆಗುವುದಿಲ್ಲ.

ತೆಪ್ಪ

ಮೀನುಗಳ ವಿಷಯ ಬಂದಿಲ್ಲ. ಎಲ್ಲರೂ ಶಾರ್ಕ್‌ಗೆ ಹೆದರುತ್ತಾರೆ, ನಾನು ಗುಂಪಿಗೆ ಎಚ್ಚರಿಕೆ ಹೇಳುವುದು ಟೈಟನ್ ಟ್ರಿಗರ್‌ಫಿಶ್ ಬಗ್ಗೆ. ಮರಳಲ್ಲಿ ಗೂಡು ಮಾಡಿ ಮೊಟ್ಟೆ ಕಾಯುವಾಗ ಹತ್ತಿರ ಬಂದವರನ್ನು ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ. ಅದು ಕಾಯುವ ಜಾಗ ಗೂಡಿನಿಂದ ಮೇಲಕ್ಕೆ ಹೋದಷ್ಟೂ ಅಗಲವಾಗುತ್ತದೆ. ಹಾಗಾಗಿ ಗಾಬರಿಯಿಂದ ಮೇಲಕ್ಕೆ ಹೋದರೆ ಅದರ ಜಾಗದಲ್ಲೇ ಇರುತ್ತೀರಿ. ಅಡ್ಡಕ್ಕೆ ಈಜಿ ದೂರ ಹೋಗಿ, ಕಾಲಿನ ಫಿನ್ಸ್ (ಈಜುಪಟ್ಟಿ) ಅದರ ಕಡೆಗಿರಲಿ.

ಸ್ಟೋನ್‌ಫಿಶ್, ಲಯನ್‌ಫಿಶ್ ಮುಳ್ಳು ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ನೀರಲ್ಲಿ, ಸುಮಾರು 45 ಡಿಗ್ರಿ, ಆ ಭಾಗ ಮುಳುಗಿಸಿ ವೈದ್ಯರನ್ನು ಕರೆಯಿರಿ. ಏನನ್ನೂ ಮುಟ್ಟದಿದ್ದರೆ ಇದರ ಅಗತ್ಯ ಬೀಳುವುದು ಅಪರೂಪ.

ಹವಳದಂಡೆ

ಮುಟ್ಟದಿರುವ ಮಾತು ಬಂದಿದ್ದಕ್ಕೆ ಹವಳದ ಬಗ್ಗೆ ಹೇಳದೆ ಇರಲಾರೆ. 1998ರಲ್ಲಿ ಸಮುದ್ರ ಬಿಸಿಯಾಗಿ ಮಾಲ್ಡೀವ್ಸ್‌ನ ಮೇಲಿನ ನೀರಿನ ಹವಳದಲ್ಲಿ ಬಹುಪಾಲು ಸತ್ತುಹೋಯಿತು. ನಿಧಾನ ಚೇತರಿಸಿಕೊಂಡಿತು. 2016ರಲ್ಲಿ ಮತ್ತೆ ಹೊಡೆತ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ನೋವಾ ಸಂಸ್ಥೆ ಜಗತ್ತಿನ ನಾಲ್ಕನೆಯ ಹವಳ ಬಿಳಿಚುವಿಕೆ ನಡೆಯುತ್ತಿದೆ ಅಂತ ಘೋಷಿಸಿತು. ಬಿಸಿ ತಾಳದೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ, ಬಣ್ಣ ಹೋಗಿ ಬಿಳಿ ಅಸ್ಥಿ ಕಾಣುತ್ತದೆ. ಬೇಗ ತಂಪಾದರೆ ಬದುಕುತ್ತದೆ, ಇಲ್ಲದಿದ್ದರೆ ಇಲ್ಲ.

ಆದ್ದರಿಂದ ನೀವು ನೋಡುವ ದಂಡೆ ಹಳೆಯ ಫೋಟೋದ ಹಾಗೆ ಇರಲಿಕ್ಕಿಲ್ಲ. ಕೆಲವು ಕಡೆ ಪುಡಿಪುಡಿ ಹವಳದ ನಡುವೆ ಅಂಗೈಯಷ್ಟು ಹೊಸ ಹವಳ ಬೆಳೆಯುತ್ತಿರುತ್ತದೆ. ನನಗೆ ಅತಿ ಪ್ರೀತಿ ಅದರ ಮೇಲೆಯೇ. ಒಂದು ಫಿನ್ ತಾಗಿದರೆ ವರ್ಷಗಳ ಬೆಳವಣಿಗೆ ಮುರಿಯುತ್ತದೆ. ತೇಲುವ ಹಿಡಿತ ಬರುವವರೆಗೆ ಕ್ಯಾಮೆರಾ ಹಿಡಿಯಬೇಡಿ. ಸನ್‌ಸ್ಕ್ರೀನ್ ಬದಲು ಪೂರ್ತಿ ತೋಳಿನ ಈಜು ಅಂಗಿ ಹಾಕಿಕೊಳ್ಳಿ. ಪಲಾವು ದೇಶ 2020ರ ಜನವರಿಯಿಂದ ಹವಳಕ್ಕೆ ಹಾನಿ ಮಾಡುವ ಸನ್‌ಸ್ಕ್ರೀನ್‌ಗಳನ್ನು ನಿಷೇಧಿಸಿದೆ. ಕಾನೂನು ಇಲ್ಲದ ಕಡೆ ನಾವೇ ಪಾಲಿಸಬಹುದು ಅಲ್ವಾ?

ಮಾಂಟಾ ನೋಡುವಾಗಲೂ ಅಷ್ಟೇ. ಅಟ್ಟಿಸಿಕೊಂಡು ಹೋದರೆ ಅವು ಹೊರಟುಹೋಗುತ್ತವೆ. ಅಲುಗಾಡದೆ ಇದ್ದರೆ ತಾವೇ ಹತ್ತಿರ ಬರುತ್ತವೆ. ಹೊಟ್ಟೆಯ ಮೇಲಿನ ಚುಕ್ಕೆಗಳು ಪ್ರತಿ ಮಾಂಟಾಗೂ ಬೇರೆ ಬೇರೆ, ಸಂಶೋಧಕರು ಅದನ್ನು ನೋಡಿಯೇ ಒಂದೊಂದನ್ನೂ ಗುರುತಿಸುತ್ತಾರೆ. ನಿಮಗೆ ಒಳ್ಳೆಯ ಫೋಟೋ ಸಿಕ್ಕರೆ ಅಲ್ಲಿಯ ಸಂಶೋಧಕರಿಗೆ ಕೊಡಿ.

ನೀರಹಾದಿ

ಇಷ್ಟು ಮಾಹಿತಿ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಸದ್ಯದ ಯೋಚನೆ ಹೀಗಿದೆ: ಆಗಸ್ಟ್, ಬಾ ಅಟಾಲ್, ಒಳ್ಳೆಯ ಹೌಸ್ ರೀಫ್ ಇರುವ ರೆಸಾರ್ಟ್. ಹೋಗುವ ಮೊದಲು ರಿಫ್ರೆಶರ್. ಹೆಂಡತಿಗೆ ಅಲ್ಲೇ ಡಿಸ್ಕವರ್ ಸ್ಕೂಬಾ, ಅಂದರೆ ಹೊಸಬರಿಗೆ ಬೋಧಕರ ಜೊತೆಗಿನ ಪರಿಚಯದ ಡೈವ್, ಮಾಡಿಸೋಣ ಅಂತ. ಕೊನೆಯ ದಿನ ಬೆಳಿಗ್ಗೆ ಒಂದು ಡೈವ್ ಮಾಡಿ ಮಧ್ಯಾಹ್ನ ಸೀಪ್ಲೇನ್ ಹತ್ತಬಹುದಾ?

ಉಸಿರು

ಬೇಡ. ಮೇಲೆ ಹಾರಿದಾಗ ಗಾಳಿಯ ಒತ್ತಡ ಇಳಿಯುತ್ತದೆ, ಮೈಯಲ್ಲಿ ಉಳಿದ ಸಾರಜನಕ ಗುಳ್ಳೆಗಟ್ಟಬಹುದು. ಡೈವಿಂಗ್ ಸುರಕ್ಷತೆಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವ ಪ್ರಕಾರ ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ದಿನ ಹಲವು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಬಿಟ್ಟು ಹಾರಬೇಕು. ಇದು ಕನಿಷ್ಠ ಮಾತ್ರ. ದೂರದ ದ್ವೀಪ ಅಂದ ಮೇಲೆ ಪೂರ್ತಿ 24 ಗಂಟೆ ಬಿಡಿ. ಸೀಪ್ಲೇನ್ ಸಮಯವನ್ನು ಹಿಂದಿನ ದಿನವಷ್ಟೇ ಹೇಳುವ ರೆಸಾರ್ಟ್‌ಗಳಿವೆ. ಆದ್ದರಿಂದ ಲೆಕ್ಕವನ್ನು ಬೆಳಗಿನ ಮೊದಲ ವಿಮಾನಕ್ಕೇ ಹಾಕಿ.

ತೆಪ್ಪ

ಕೊನೆಯ ದಿನ ಇಬ್ಬರೂ ಸ್ನಾರ್ಕೆಲ್ ಮಾಡಿ, ಅದಕ್ಕೆ ತೊಂದರೆ ಇಲ್ಲ. ಉಸಿರು ಹಿಡಿದು ಆಳಕ್ಕೆ ಮುಳುಗುವುದು ಮಾತ್ರ ಬೇಡ. ಹನಿಫಾರು ಭೇಟಿಯನ್ನು ಕೊನೆಯ ದಿನಕ್ಕೆ ಇಡಬೇಡಿ, ಅಲ್ಲಿ ಮಾಂಟಾ ಬರುವುದು ಗಾಳಿ, ಉಬ್ಬರ ನೋಡಿಕೊಂಡು. ಮೊದಲ ಎರಡು ಮೂರು ದಿನಗಳಲ್ಲೇ ಹೆಸರು ಕೊಟ್ಟಿಡಿ. ಒಂದು ದಿನ ಬರದಿದ್ದರೆ ಇನ್ನೊಂದು ದಿನ ಹೋಗಬಹುದು. ಡಿಸ್ಕವರ್ ಸ್ಕೂಬಾದಲ್ಲಿ 12 ಮೀಟರ್ ಮಿತಿ. ಮನೆಯವರ ಜೊತೆ ಒಬ್ಬ ಬೋಧಕರು ಅವರಿಗೆಂದೇ ಇರುತ್ತಾರಾ ಅಂತ ಕೇಳಿ. ಹೆಬ್ಬೆರಳು ಮೇಲೆತ್ತಿದರೆ ನೀರಿನ ಕೆಳಗೆ "ಮೇಲೆ ಹೋಗೋಣ" ಅಂತ ಅರ್ಥ, ಚೆನ್ನಾಗಿದೆ ಅಂತಲ್ಲ. ಇದನ್ನು ಈಗಲೇ ಹೇಳಿಕೊಟ್ಟಿರಿ.

ನೀರಹಾದಿ

ಸರಿ ಸರ್. ಹೌಸ್ ರೀಫ್, ಆಮ್ಲಜನಕ, ರಾತ್ರಿ ಸಾಗಿಸುವ ವ್ಯವಸ್ಥೆ, ಈ ಮೂರನ್ನೂ ಕೇಳಿ ಇವತ್ತೇ ಕೆಲವು ರೆಸಾರ್ಟ್‌ಗಳಿಗೆ ಮೇಲ್ ಹಾಕುತ್ತೇನೆ. ಅವರ ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ, ನೋಡಿ ಹೇಳಿ.